ಚಾಪೆಯ ಕೆಳಗಿನ ಪೊಲೀಸರು

ಬೆಳಕು ಹರಿಯುವ ಮೊದಲೇ ನಾನೂ ಫಲಾನಿಕೊನೂ ಸಿಯೆನಿಯ ಮನೆಯ ಮುಂದೆ ಒಂದೇ ಚಾಪೆ ಹೊದ್ದು ಕೂತೆವು. ಇಬ್ಬರೂ ಪೊಲೀಸ್ ಸಮವಸ್ತ್ರದಲ್ಲಿ, ಬರಿಗಾಲಲ್ಲಿದ್ದೆವು. ಮುಂದೆ ಒಂದು ಹೊರೆ ಸೌದೆ, ಒಂದು ಬುಟ್ಟಿ ಒಲೆಕಲ್ಲು, ಒಂದು ಕಟ್ಟು ಬಾಳೆಲೆ ಇಟ್ಟುಕೊಂಡಿದ್ದೆವು.

ತಪ್ಪು ಮಾಡಿದವರು ಹೀಗೆ ಬಂದು ಕೂರುವುದು ಸಮೋವಾದಲ್ಲಿ ಹಳೆಯ ಪದ್ಧತಿ. ಇಫೋಗಾ ಅನ್ನುತ್ತೇವೆ. ಸೌದೆ, ಕಲ್ಲು, ಎಲೆ ತಂದಿಡುವುದೆಂದರೆ, 'ನಾವು ನಿಮ್ಮ ಹಂದಿಗಳು, ಬೇಯಿಸಿಕೊಳ್ಳಿ' ಎಂದು ತಲೆ ಒಪ್ಪಿಸಿದ ಹಾಗೆ. ನೊಂದ ಮನೆಯವರು ಹೊರಗೆ ಬಂದು ಚಾಪೆ ಎತ್ತಿದರೆ ಕ್ಷಮಿಸಿದರು ಅಂತ. ಎತ್ತದೆ ಇರುವವರು ಅಪರೂಪ. ಬಿಸಿಲೇರುತ್ತದೆ, ಊರು ನೋಡುತ್ತಿರುತ್ತದೆ, ಎಂಥ ಗಟ್ಟಿ ಮನಸ್ಸಿನವರೂ ಕೊನೆಗೆ ಎದ್ದು ಬರುತ್ತಾರೆ. ತಂದಿಟ್ಟ ಸೌದೆಗೆ ಯಾರಾದರೂ ಬೆಂಕಿ ಹಚ್ಚಿದ್ದನ್ನು ನಾನು ಕಂಡಿರಲಿಲ್ಲ, ನನ್ನ ತಾತನೂ ಕಂಡಿರಲಿಲ್ಲ.

ಈ ಸಲದ ತೊಂದರೆ ಬೇರೆ. ತಪ್ಪು ಮಾಡಿದವನು ಚಾಪೆಯ ಕೆಳಗೆ ಇರಲಿಲ್ಲ. ಅವನು ರಸ್ತೆಯಾಚೆ ಠಾಣೆಯ ಪಿಕಪ್ ಗಾಡಿಗೆ ಒರಗಿ ನಿಂತಿದ್ದ. ನಮ್ಮ ಇನ್‌ಸ್ಪೆಕ್ಟರ್ ಅಸೊಮುವಾ.

ಆದದ್ದು ಇಷ್ಟು. ಅಸೊಮುವಾನ ಭಾವಮೈದುನನ ದೋಣಿಯ ಎಂಜಿನ್ ಕಳುವಾಯಿತು. ಸಿಯೆನಿಯ ಮಗ ಎನೋಕಾ, ಮೂವತ್ತರ ಆಸುಪಾಸಿನ ಮೀನುಗಾರ, ಹಿಂದಿನ ಸಂಜೆ ಆ ದೋಣಿಯ ಪಕ್ಕ ಬಲೆ ತೊಳೆಯುತ್ತಿದ್ದನೆಂದು ಯಾರೋ ಹೇಳಿದರು. ಅಸೊಮುವಾ ಅವನನ್ನು ಹಿಡಿದು ತಂದು ಲಾಕಪ್ಪಿಗೆ ಹಾಕಿದ. ಆ ದಿನ ನಾನು ಗಾಡಿ ತಗೊಂಡು ಹಡಗುಕಟ್ಟೆಗೆ ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಎನೋಕಾನ ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು. ಎಂಜಿನ್ ಆಮೇಲೆ ಸಿಕ್ಕಿತು. ಭಾವಮೈದುನನ ಸ್ವಂತ ಮಗನೇ ಅದನ್ನು ಪಕ್ಕದೂರಿನಲ್ಲಿ ಒತ್ತೆ ಇಟ್ಟು ಬಿಯರ್ ಕುಡಿದಿದ್ದ. ಎನೋಕಾನ ಆ ಕಿವಿ ಮಾತ್ರ ಇನ್ನು ಕೇಳುವುದಿಲ್ಲವೆಂದು ಆಸ್ಪತ್ರೆಯವರು ಹೇಳಿಬಿಟ್ಟರು.

ಅವನು ಒಳಗೆ ಜಾರಿ ಬಿದ್ದ, ಗೋಡೆಗೆ ತಲೆ ಬಡಿಯಿತು, ಅಷ್ಟೇ ಎಂದು ಅಸೊಮುವಾ ವರದಿ ಬರೆದ. ಎನೋಕಾನನ್ನು ಬಿಟ್ಟರೆ ಒಳಗೆ ಇದ್ದವನು ಅವನೊಬ್ಬನೇ.

ಸಿಯೆನಿ ಸುಮ್ಮನಿರುವ ಹೆಂಗಸಲ್ಲ. ಗಂಡ ಸತ್ತ ಮೇಲೆ ಸಂತೆಯಲ್ಲಿ ಬೇಯಿಸಿದ ಕೆಸುವಿನ ಗಡ್ಡೆ, ದೀವಿಹಲಸು ಮಾರಿ ಮಗನನ್ನು ಸಾಕಿದವಳು. ಹಡಗು ಹತ್ತಿ ರಾಜಧಾನಿ ಅಪಿಯಾಕ್ಕೆ ಹೋದಳು. ದೊಡ್ಡ ಕಚೇರಿಯ ಮುಂದೆ ಅವರು ಕರೆಯುವ ತನಕ ಕೂತು, ದೂರು ಕೊಟ್ಟೇ ಬಂದಳು. ಮುಂದಿನ ವಾರ ಕೋರ್ಟಿನಲ್ಲಿ ವಿಚಾರಣೆ ಇತ್ತು. ಅಷ್ಟರೊಳಗೆ ಅವಳು ಚಾಪೆ ಎತ್ತಿಬಿಟ್ಟರೆ ರಾಜಿಯಾಯಿತೆಂದು ನ್ಯಾಯಾಧೀಶರ ಮುಂದೆ ಹೇಳಬಹುದು. ಊರಿನವರೂ ದೂರು ಹಿಂದೆ ತಗೋ ಎಂದು ಅವಳ ಬೆನ್ನು ಹತ್ತುತ್ತಾರೆ. ಅಸೊಮುವಾನ ಲೆಕ್ಕ ಇದು.

ತಾನೇ ಬಂದು ಕೂರಬಹುದಿತ್ತು. ಆದರೆ ಅವನಿಗೆ ಊರಿನಲ್ಲಿ ಮುಖ್ಯಸ್ಥನ ಪದವಿ ಬೇರೆ ಇತ್ತು.

"ಪದವಿ ಬಾಗಬಾರದು. ಠಾಣೆ ಪರವಾಗಿ ನೀವಿಬ್ರು ಕೂತ್ಕೊಳ್ಳಿ" ಎಂದಿದ್ದ ಹಿಂದಿನ ದಿನ. "ನಮ್ಮ ಠಾಣೇಲಿ ಬಿದ್ದ, ಅದಕ್ಕೆ ನಮಗೆ ಬೇಜಾರಾಗಿದೆ ಅಂತ ಅಷ್ಟೇ. ಸ್ವಲ್ಪ ಹೊತ್ತಲ್ಲಿ ಎತ್ತುತಾಳೆ. ಆಮೇಲೆ ಎಲ್ರಿಗೂ ಊಟ."

ನಮ್ಮ ದೇಶಕ್ಕೆ ಸೈನ್ಯವಿಲ್ಲ. ಇರುವುದು ನಾವು ಪೊಲೀಸರು. ಹಳ್ಳಿ ಠಾಣೆಯಲ್ಲಿ ಬಂದೂಕೂ ಇಲ್ಲ. ಒಂದು ಗಾಡಿ, ಎರಡು ದೊಣ್ಣೆ, ಬೀಗ ಸರಿಯಾಗಿ ಕೂರದ ಒಂದು ಲಾಕಪ್ಪು. ಕುಡಿದು ಮಚ್ಚು ಹಿಡಿದವನ ಎದುರು ನಿಂತು, 'ಅಣ್ಣಾ, ಅದನ್ನ ಕೆಳಗಿಡು, ನಿಮ್ಮಮ್ಮ ನೋಡ್ತಿದಾಳೆ' ಅನ್ನುವುದೇ ನಮ್ಮ ಆಯುಧ. ಜನ ಮಾತು ಕೇಳುವ ತನಕ ನಾವು ಪೊಲೀಸರು, ಕೇಳದಿದ್ದರೆ ಟೋಪಿ ಹಾಕಿಕೊಂಡ ನೆಂಟರು. ನನಗೆ ಇದರಲ್ಲಿ ಬೇಸರವಿರಲಿಲ್ಲ. ಅಸೊಮುವಾಗೆ ಇತ್ತು. ಹೊರದೇಶದಲ್ಲಿ ಯಾವುದೋ ತರಬೇತಿ ಮುಗಿಸಿ ಬಂದ ಮೇಲೆ ಅವನ ನಡಿಗೆಯೇ ಬದಲಾಗಿತ್ತು. "ಸೈನ್ಯ ಇಲ್ಲದ ದೇಶದಲ್ಲಿ ಪೊಲೀಸರಿಗೂ ಹೆದರದಿದ್ರೆ ಜನ ಇನ್ಯಾರಿಗೆ ಹೆದರ್ತಾರೆ?" ಎಂದು ನಮ್ಮನ್ನು ಕೇಳುತ್ತಿದ್ದ. ಯಾಕೆ ಹೆದರಬೇಕು ಎಂದು ನಾವು ತಿರುಗಿ ಕೇಳುತ್ತಿರಲಿಲ್ಲ.

ಚಾಪೆಯ ಕೆಳಗೆ ಸೆಕೆ ಶುರುವಾಯಿತು. ಚಾಪೆ ಒಳ್ಳೆಯದೇ, ಅಸೊಮುವಾನ ಹೆಂಡತಿಯ ತವರಿನದು. ಬಟ್ಟೆಯಷ್ಟು ಮೃದು, ಅಂಚಿಗೆ ಕೆಂಪು ಗರಿ. ಮದುವೆಗೂ ಸಾವಿಗೂ ಹೊರಗೆ ಬರುವಂಥದ್ದು. ಆದರೆ ಫಲಾನಿಕೊನ ಗಾತ್ರಕ್ಕೆ ಅದು ಸಾಲದು. ಅವನು ಅಪಿಯಾದಲ್ಲಿ ದಿನಾ ಬೆಳಿಗ್ಗೆ ಬಾವುಟ ಏರಿಸಲು ಹೊರಡುವ ಪೊಲೀಸ್ ಬ್ಯಾಂಡಿನಲ್ಲಿ ಟ್ರಾಂಬೋನ್ ಊದುತ್ತಿದ್ದವನು. ಒಂದು ದಿನ ಯಾರೋ ದೊಡ್ಡವರ ಕಾರಿಗೆ ದಾರಿ ಬಿಡದೆ ಊದುತ್ತಲೇ ನಡೆದನೆಂದು ನಮ್ಮ ದ್ವೀಪಕ್ಕೆ ಎತ್ತಂಗಡಿ ಮಾಡಿದ್ದರು. ಟ್ರಾಂಬೋನು ಅವನ ಸ್ವಂತದ್ದು, ಜೊತೆಗೇ ತಂದಿದ್ದ.

"ಪೆಸಮಿನೊ, ನಿನ್ನ ಮೊಣಕೈ ನನ್ನ ಪಕ್ಕೆಲುಬಿಗೆ ಚುಚ್ತಿದೆ" ಎಂದು ಪಿಸುಗುಟ್ಟಿದ.

"ಅಲ್ಲಿ ಪಕ್ಕೆಲುಬು ಇದೆಯಾ? ನಾನು ಹಿಟ್ಟಿನ ಮೂಟೆ ಅಂದ್ಕೊಂಡೆ."

"ನಗಿಸ್ಬೇಡ ಮಾರಾಯ. ಚಾಪೆ ಅಲ್ಲಾಡತ್ತೆ."

"ಸುಮ್ನಿರು. ಪಶ್ಚಾತ್ತಾಪ ಪಡೋರ ಹಾಗೆ ಉಸಿರಾಡು."

ಸೂರ್ಯ ಹುಟ್ಟಿದ್ದು ಚಾಪೆಯ ಹೆಣಿಗೆಯೊಳಗಿಂದ ಕಂಡಿತು. ಕೋಳಿ ಕೂಗಿತು, ಯಾರದೋ ಹಂದಿ ಬಂದು ಬಾಳೆಲೆ ಮೂಸಿ ಹೋಯಿತು. ಮೊದಲ ಬಸ್ಸು ರಸ್ತೆಯಲ್ಲಿ ನಿಂತದ್ದು ಮುಂದೆ ಹೋಗಲಿಲ್ಲ. ಡ್ರೈವರ್ ಹಾಕಿದ್ದ ಹಾಡು ನಿಂತಿತು. ಜನ ಸೇರುತ್ತಿದ್ದಾರೆಂದು ಅದರಿಂದಲೇ ತಿಳಿಯಿತು. ಆಮೇಲೆ ನೆಲಕ್ಕೆ ಕೋಲು ಊರಿದ ಸದ್ದು. ಊರಿನ ಪರವಾಗಿ ಮಾತಾಡುವ ಹಿರಿಯ ಸೊವಾಲೆ ಬಂದಿದ್ದ. ಅವನನ್ನು ಅಸೊಮುವಾ ಮೊದಲೇ ಒಪ್ಪಿಸಿಕೊಂಡಿದ್ದ.

ಸೊವಾಲೆ ದೇವರಿಂದ ಶುರುಮಾಡಿ, ಸಿಯೆನಿಯ ಮನೆತನದ ಹಿರಿಯರನ್ನೆಲ್ಲ ಹೊಗಳಿ, ಶಾಂತಿಯ ವಿಷಯಕ್ಕೆ ಬರುವಷ್ಟರಲ್ಲಿ ನನ್ನ ಎಡಗಾಲು ಜೋಮು ಹಿಡಿದಿತ್ತು.

"ಠಾಣೆ ನಿನ್ನ ಬಾಗಿಲಿಗೆ ಬಂದಿದೆ ತಾಯಿ" ಎಂದು ಮುಗಿಸಿದ. "ತಲೆ ಬಾಗಿಸಿದೆ. ಚಾಪೆ ಎತ್ತು."

ಮನೆಯೊಳಗಿನಿಂದ ಸಿಯೆನಿಯ ದನಿ ಬಂತು. "ಯಾತಕ್ಕೆ ತಲೆ ಬಾಗಿಸಿದ್ದಾರೆ ಸ್ವಾಮಿ?"

"ನಿನ್ನ ಮಗನಿಗೆ ಆದ ನೋವಿಗೆ."

"ಅವನು ಜಾರಿ ಬಿದ್ದ ಅಂತ ಬರ್ಕೊಟ್ಟಿದಾರಂತೆ. ಜಾರಿ ಬಿದ್ದೋನ ಹತ್ರ ಇವ್ರು ಯಾಕೆ ಕ್ಷಮೆ ಕೇಳ್ತಾರೆ? ನೆಲ ಬಂದು ಕೇಳಲಿ."

ಬಸ್ಸಿನ ಕಡೆಯಿಂದ ಯಾರೋ ನಕ್ಕರು. ಸೊವಾಲೆ ಕೆಮ್ಮಿದ.

ಹೆಜ್ಜೆ ಸದ್ದು ಹತ್ತಿರ ಬಂತು. ಚಾಪೆಯ ಅಂಚಿನ ಆಚೆ ಸಿಯೆನಿಯ ಬರಿಗಾಲು ಕಂಡಿತು. ಅವಳು ನಮ್ಮ ಸುತ್ತ ಒಂದು ಸುತ್ತು ಬಂದಳು, ಸಂತೆಯಲ್ಲಿ ಮೀನು ನೋಡುವವರ ಹಾಗೆ.

"ಚಾಪೆ ಕೆಳಗೆ ಯಾರಿದಾರೆ?"

"ಠಾಣೆ ಇದೆ ತಾಯಿ" ಎಂದ ಸೊವಾಲೆ.

"ಠಾಣೆ ನನ್ನ ಮಗನ ಕಿವಿಗೆ ಹೊಡೀಲಿಲ್ಲ. ಒಂದು ಕೈ ಹೊಡೀತು. ಆ ಕೈ ಇಲ್ಲಿದೆಯಾ?" ಅವಳು ನಮ್ಮ ಕಾಲಿನ ಹತ್ತಿರ ಬಗ್ಗಿದಳು. ಹಾಗೇ ಮುಂದುವರಿಸಿದಳು. "ಈ ಒಡೆದ ಹಿಮ್ಮಡಿ ಪೆಸಮಿನೊಂದು. ಅವನ ಹೆಂಡತಿ ದಿನಾ ಅದಕ್ಕೆ ಎಣ್ಣೆ ಹಚ್ಕೋ ಅಂತ ಬಡ್ಕೋತಾಳೆ. ಈ ಕಡೆದು ಬ್ಯಾಂಡಿನ ಡುಮ್ಮ. ಇನ್ನೊಂದು ಜೊತೆ ಕಾಲು ಕಾಣ್ತಿಲ್ಲ."

ರಸ್ತೆಯಾಚೆಗೆ ಗಾಡಿಯ ಬಾಗಿಲು ಬಡಿದ ಸದ್ದಾಯಿತು. ಅಸೊಮುವಾ ಒಳಗೆ ಹೋಗಿ ಕೂತನೋ, ಹೊರಗೆ ಬಂದನೋ ತಿಳಿಯಲಿಲ್ಲ.

ಸಿಯೆನಿ ನಮ್ಮ ಮುಂದಕ್ಕೆ ಬಂದಳು. ಆಮೇಲೆ ನಮ್ಮ ಮುಂದಿನ ಸೌದೆ ಎಳೆದ ಸದ್ದು ಕೇಳಿತು. ಒಂದು ತುಂಡು, ಇನ್ನೊಂದು ತುಂಡು. ಕಲ್ಲು ಸುರಿದ ಸದ್ದು.

"ಪೆಸಮಿನೊ" ಎಂದ ಫಲಾನಿಕೊ. "ಏನ್ಮಾಡ್ತಿದಾಳೆ?"

"ನೋಡ್ತೀನಿ ಇರು." ಚಾಪೆಯ ಅಂಚಿಗೆ ಕಣ್ಣು ಹಚ್ಚಿದೆ. ಅವಳು ನಮ್ಮಿಂದ ನಾಲ್ಕು ಮಾರು ದೂರದಲ್ಲಿ ಸೌದೆ ಒಟ್ಟಿ, ಅದರ ಮೇಲೆ ಕಲ್ಲು ಜೋಡಿಸುತ್ತಿದ್ದಳು. ಕಡ್ಡಿ ಗೀರಿದ ಸದ್ದು, ಒಣ ತೆಂಗಿನ ಗರಿ ಹತ್ತಿಕೊಂಡ ಸದ್ದು.

"ಒಲೆ ಹಚ್ತಿದಾಳೆ ಕಣೋ."

"ಯಾರನ್ನ ಬೇಯಿಸೋಕೆ?"

"ನಿನ್ನನ್ನ. ನನ್ನಲ್ಲಿ ಏನಿದೆ, ಬರೀ ಮೂಳೆ."

ಅವನು ನಗಲಿಲ್ಲ. ಹೊರಗೆ ಜನರ ಗುಜುಗುಜು ಎದ್ದಿತು. ಸೊವಾಲೆ ಕೋಲು ಊರಿಕೊಂಡು ಬೇಗಬೇಗ ಬಂದ.

"ತಾಯಿ, ಅದು ಸುಡೋಕೆ ತಂದಿದ್ದಲ್ಲ. ಅದು ಅರ್ಥಕ್ಕೆ ಇಡೋದು."

"ಅರ್ಥ ನಂಗೂ ಗೊತ್ತು ಸ್ವಾಮಿ. ಬೇಯಿಸ್ಕೊಳ್ಳಿ ಅಂತ. ಸೌದೆ ಚೆನ್ನಾಗಿ ಒಣಗಿದೆ, ಕಲ್ಲೂ ಒಳ್ಳೇವು. ನಮ್ಮನೇಲಿ ಇವತ್ತು ಇನ್ನೂ ಒಲೆ ಹಚ್ಚಿಲ್ಲ." ಮನೆಯ ಕಡೆ ತಿರುಗಿ ಕೂಗಿದಳು. "ಎನೋಕಾ, ಆ ಕೆಸುವಿನ ಗಡ್ಡೆ ತಗೊಂಡ್ಬಾ. ಏ ಎನೋಕಾ." ಮಗ ಓಗೊಡಲಿಲ್ಲ. ಅವಳು ಎದ್ದು, ಅವನ ಬಲಗಡೆಗೆ ಹೋಗಿ ನಿಂತು, ಮತ್ತೆ ಹೇಳಿದಳು.

ಹೊಗೆ ಚಾಪೆಯ ಕೆಳಗೆ ನುಗ್ಗಿತು. ನಾವಿಬ್ಬರೂ ಬಾಯಿಗೆ ತೋಳು ಒತ್ತಿಕೊಂಡು ಕೆಮ್ಮಿದೆವು. ಕಲ್ಲು ಕಾದು, ಉರಿ ಇಳಿದು, ಅವಳು ಗಡ್ಡೆ, ದೀವಿಹಲಸು, ತೆಂಗಿನ ಹಾಲು ಹೊಯ್ದು ಕಟ್ಟಿದ ಕೆಸುವಿನೆಲೆಯ ಪೊಟ್ಟಣ ಎಲ್ಲ ಇಟ್ಟು, ನಾವೇ ತಂದ ಬಾಳೆಲೆ ಮುಚ್ಚುವಷ್ಟರಲ್ಲಿ ಬಿಸಿಲು ನೆತ್ತಿಗೆ ಬರುವುದರಲ್ಲಿತ್ತು. ಜನ ಚದುರಲಿಲ್ಲ. ಬಸ್ಸಿನವರು ಇಳಿದು ನೆರಳಿನಲ್ಲಿ ಕೂತಿದ್ದರು. ಇಂಥದ್ದನ್ನು ಬಿಟ್ಟು ಸಂತೆಗೆ ಯಾರು ಹೋಗುತ್ತಾರೆ?

ಬೆಂದ ಮೇಲೆ ಚಾಪೆಯ ಅಂಚಿನ ಕೆಳಗಿನಿಂದ ಒಂದು ಕೈ ಒಳಗೆ ಬಂತು. ಕೈಯಲ್ಲಿ ಎಲೆ, ಎಲೆಯ ಮೇಲೆ ಬಿಸಿ ಗಡ್ಡೆ, ಎರಡು ಪೊಟ್ಟಣ.

"ತಿನ್ನಿ" ಎಂದಳು ಸಿಯೆನಿ. "ನಿಮ್ಗೂ ನಂಗೂ ಜಗಳ ಇಲ್ಲ. ಪೆಸಮಿನೊ, ನೀನು ಅವತ್ತು ನನ್ನ ಮಗನ್ನ ಎತ್ಕೊಂಡು ಆಸ್ಪತ್ರೆಗೆ ಹೋದೆ, ಅದು ನಂಗೆ ನೆನಪಿದೆ. ಆದ್ರೆ ಚಾಪೆ ಎತ್ತಲ್ಲ. ಯಾರು ಕೂರಬೇಕೋ ಅವ್ರು ಬಂದು ಕೂತ ದಿನ ನೋಡೋಣ."

ಕೈ ಹೊರಗೆ ಹೋಯಿತು. ಚಾಪೆಯ ಕೆಳಗೆ ಕೂತು ಉಣ್ಣಬಹುದೋ ಬಾರದೋ ಎಂದು ಯಾವ ಹಿರಿಯನೂ ಹೇಳಿದ್ದು ನಾನು ಕೇಳಿಲ್ಲ. ಹಸಿವಾಗಿತ್ತು, ತಿಂದೆ. ಫಲಾನಿಕೊ ಪೊಟ್ಟಣ ಬಿಚ್ಚಿ ಒಂದು ತುತ್ತು ಬಾಯಿಗಿಟ್ಟವನು ಅಗಿಯುವುದನ್ನೇ ನಿಲ್ಲಿಸಿಬಿಟ್ಟ. ನೋಡಿದರೆ ಅಳುತ್ತಿದ್ದ.

"ಬಿಸಿಯಾ?" ಎಂದೆ.

"ಅವತ್ತು ಅವನು ನಂಗೆ ಊದು ಅಂದ ಕಣೋ."

"ಯಾರು?"

"ಅಸೊಮುವಾ. ಬಾಗಿಲ ಹತ್ರ ನಿಂತು ಸ್ತುತಿಗೀತೆ ಊದು, ಜೋರಾಗಿ ಊದು, ನಿಲ್ಲಿಸ್ಬೇಡ ಅಂದ. ನಾನು ಊದಿದೆ. ಉಸಿರು ತಗೊಳ್ಳೋವಾಗ ಒಳಗಿನ ಸದ್ದು ಕೇಳಿಸ್ತಿತ್ತು. ಎನೋಕಾ 'ಅವ್ವಾ' ಅಂತಿದ್ದ. ಅದು ಕೇಳಬಾರ್ದು ಅಂತ ಉಸಿರು ತಗೊಳ್ಳೋದನ್ನೇ ಕಡಿಮೆ ಮಾಡಿದೆ."

ಆ ಮಧ್ಯಾಹ್ನ ಠಾಣೆಯಿಂದ ಸ್ತುತಿಗೀತೆ ಕೇಳಿತೆಂದು, ಎಷ್ಟು ಚೆನ್ನಾಗಿ ಊದುತ್ತಾನೆಂದು, ಅಂಗಡಿಯವರು ನನ್ನೆದುರೇ ಹೊಗಳಿದ್ದರು.

"ಇದನ್ನ ಇನ್ಯಾರಿಗೆ ಹೇಳಿದೀಯ?"

"ನಿಂಗೇ. ಈಗ."

"ಕೋರ್ಟಲ್ಲಿ ಹೇಳ್ತೀಯಾ?"

"ನಂಗಿನ್ನೂ ನಾಲ್ಕು ವರ್ಷ ಕೆಲ್ಸ ಇದೆ. ಅಪಿಯಾದಲ್ಲಿ ಹೆಂಡತಿ, ಮೂರು ಮಕ್ಕಳು."

ನಾನು ಒತ್ತಾಯ ಮಾಡಲಿಲ್ಲ. ಒತ್ತಾಯಕ್ಕೆ ಹೇಳಿದ ಸಾಕ್ಷಿ ವಕೀಲನ ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತದೆ. "ತಿನ್ನು, ಆರಿಹೋಗತ್ತೆ" ಎಂದೆ ಅಷ್ಟೇ.

ಅಷ್ಟರಲ್ಲಿ ಬೂಟಿನ ಸದ್ದು ಬಂತು. ಪೊಲೀಸರು ಉಣ್ಣುತ್ತಿದ್ದಾರೆಂದು ಜನ ನಗುತ್ತಿದ್ದದ್ದು ಅಸೊಮುವಾನ ಕಿವಿಗೆ ಬಿದ್ದಿರಬೇಕು.

"ಸಾಕು. ಎದ್ದು ಗಾಡಿ ಹತ್ತಿ" ಎಂದ.

ಏಳಬಹುದಿತ್ತು. ಎದ್ದಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಸಿಯೆನಿಯದು ಕಲ್ಲೆದೆ, ಬಂದವರನ್ನು ಬಿಸಿಲಲ್ಲಿ ಕೂರಿಸಿ ಕಳಿಸಿದಳು ಎಂದು ಸಂಜೆಯೊಳಗೆ ಅವನೇ ಊರೆಲ್ಲ ಹಬ್ಬಿಸುತ್ತಿದ್ದ. ನನಗೆ ಸಿಟ್ಟು ಬೇಗ ಬರುವುದಿಲ್ಲ. ಆವತ್ತು ಬಂದದ್ದು ಹೋಗಲಿಲ್ಲ.

"ಆಗಲ್ಲ ಸಾರ್" ಎಂದೆ ಚಾಪೆಯೊಳಗಿನಿಂದ.

"ಏನಂದೆ?"

"ಹೊದ್ದೋರು ತಾವೇ ಎತ್ತಬಾರ್ದು ಸಾರ್. ಮನೆಯೋರು ಎತ್ತಬೇಕು."

"ಇದು ಆದೇಶ ಪೆಸಮಿನೊ."

"ಕೂತ್ಕೊಳ್ಳಿ ಅಂದಿದ್ದೂ ಆದೇಶಾನೇ ಸಾರ್. ಕೂತಿದೀವಿ. ಏಳಿಸೋದು ಮಾತ್ರ ಸಿಯೆನಮ್ಮನ ಕೈಲಿದೆ. ಬಿಸಿಲು ಜಾಸ್ತಿ ಅನ್ಸಿದ್ರೆ ನೀವೂ ಒಳಗೆ ಬನ್ನಿ. ಫಲಾನಿಕೊ, ಸಾಹೇಬ್ರಿಗೆ ಸ್ವಲ್ಪ ಜಾಗ ಬಿಡೋ."

ಫಲಾನಿಕೊ ನಿಜವಾಗಿಯೂ ಸರಿದ. ಚಾಪೆ ಅತ್ತ ಜರುಗಿದ್ದನ್ನು ಹೊರಗಿದ್ದವರೆಲ್ಲ ನೋಡಿದರು. ಮೊದಲು ಬಸ್ಸಿನ ಡ್ರೈವರ್ ನಕ್ಕ, ಆಮೇಲೆ ಹೆಂಗಸರು, ಆಮೇಲೆ ಎಲ್ಲರೂ.

"ಹೌದಲ್ಲ" ಎಂದಳು ಸಿಯೆನಿ. "ಅವ್ರು ಬಂದು ಕೂರಲಿ. ನನ್ನ ಮಗನಿಗೆ ಹೊಡೆದೆ ಅಂತ ಬಾಯಿಬಿಟ್ಟು ಹೇಳಲಿ. ಹೇಳಿದ ಕೂಡ್ಲೇ ಚಾಪೆ ಎತ್ತುತೀನಿ. ಇಷ್ಟು ಜನದ ಮುಂದೆ ಮಾತು ಕೊಡ್ತಿದೀನಿ."

ಈಗ ಯಾರೂ ನಗಲಿಲ್ಲ. ಅವಳು ಕೊಟ್ಟ ಮಾತು ಸಣ್ಣದಲ್ಲ. ಕೂತು ಒಂದು ಮಾತು ಹೇಳಿದ್ದರೆ ಅಸೊಮುವಾ ಅಲ್ಲೇ ಗೆದ್ದುಬಿಡುತ್ತಿದ್ದ. ಕೋರ್ಟೂ ಹಗುರಾಗುತ್ತಿತ್ತು, ಊರೂ ಅವನ ಕಡೆಗೇ ಬರುತ್ತಿತ್ತು. ಬಾಗುವ ಬೆನ್ನು ಅವನಿಗಿರಲಿಲ್ಲ. ಅವನು ಬಗ್ಗಿ, ಚಾಪೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಒಂದೇ ಏಟಿಗೆ ಕಿತ್ತು ಆಚೆ ಬಿಸಾಡಿದ.

ಬೆಳಕು ಕಣ್ಣಿಗೆ ಹೊಡೆಯಿತು. ನಾನೂ ಫಲಾನಿಕೊನೂ ಕೈಯಲ್ಲಿ ಗಡ್ಡೆ ಹಿಡಿದು, ಗಲ್ಲಕ್ಕೆ ತೆಂಗಿನ ಹಾಲು ಮೆತ್ತಿಕೊಂಡು, ಊರೆಲ್ಲದರ ಮುಂದೆ ಕೂತಿದ್ದೆವು. ನಮ್ಮನ್ನು ಯಾರೂ ನೋಡಲಿಲ್ಲ. ಎಲ್ಲರ ಕಣ್ಣು ಅಸೊಮುವಾನ ಕೈಯ ಮೇಲಿತ್ತು. ತಪ್ಪು ಮಾಡಿದವನೇ ಚಾಪೆ ಕಿತ್ತದ್ದನ್ನು ನಮ್ಮ ಜನ ಕಂಡವರಲ್ಲ.

ಸೊವಾಲೆ ಮುದುಕ. ಬೆಳಿಗ್ಗೆಯಿಂದ ಅಸೊಮುವಾನ ಪರವಾಗಿ ಮಾತಾಡಿದವನು. ಅವನು ತನ್ನ ಕೋಲನ್ನು ಮೆಲ್ಲನೆ ನೆಲದ ಮೇಲೆ ಮಲಗಿಸಿದ.

"ಊರು ಇವತ್ತು ಇಲ್ಲಿ ಯಾವ ಕ್ಷಮೆ ಕೇಳಿದ್ದನ್ನೂ ನೋಡಿಲ್ಲ" ಎಂದ. "ಸಿಯೆನಿಗೆ ಯಾರೂ ಇನ್ನೇನೂ ಹೇಳಕೂಡದು. ಅವಳ ದಾರಿ ಕೋರ್ಟಿಗಾದ್ರೆ ಕೋರ್ಟಿಗೆ."

"ಹೋಗಲಿ" ಎಂದ ಅಸೊಮುವಾ. ಅವನ ಮುಖ ಕೆಂಪಾಗಿತ್ತು. "ಹೋಗಿ ಏನ್ಮಾಡ್ತಾಳೆ? ಅವನು ಬಿದ್ದ. ನಾನು ಹೊಡೆದಿದ್ದನ್ನ ನೋಡಿದೋರು ಯಾರಿದಾರೆ? ಒಬ್ಬನ್ನ ತೋರಿಸಿ."

ಫಲಾನಿಕೊ ಏಳಲು ಹೋದ. ಕಾಲು ಜೋಮು ಹಿಡಿದಿತ್ತು, ನನ್ನ ಭುಜ ಹಿಡಿದು ಎದ್ದ. ಗಲ್ಲ ಒರೆಸಿಕೊಳ್ಳಲಿಲ್ಲ.

"ನೋಡಿಲ್ಲ ಸಾರ್" ಎಂದ. "ಕೇಳಿದೀನಿ."

"ಬಾಯಿ ಮುಚ್ಚು."

"ಅವತ್ತು ಊದು ಅಂದ್ರಿ, ಇವತ್ತು ಮುಚ್ಚು ಅಂತೀರಿ. ಬಾಯಿ ನಂದು ಸಾರ್." ನನಗೆ ಹೇಳಿದ್ದಷ್ಟನ್ನೂ ಅಂಗಳದ ಮಧ್ಯೆ ನಿಂತು ಹೇಳಿದ. ಸ್ತುತಿಗೀತೆ ಯಾವುದೆಂದೂ ಹೇಳಿದ. ಅದು ಎಲ್ಲರಿಗೂ ಗೊತ್ತಿದ್ದ ಹಾಡು. ಕೆಲವು ಹೆಂಗಸರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಎನೋಕಾ ಬಲಗಿವಿಯನ್ನು ಅವನ ಕಡೆ ತಿರುಗಿಸಿ ಕೇಳುತ್ತಿದ್ದ.

ಅಸೊಮುವಾ ಗಾಡಿ ಹತ್ತಿ ಒಬ್ಬನೇ ಹೊರಟುಹೋದ.

ಫಲಾನಿಕೊ ಸಿಯೆನಿಯ ಮುಂದೆ ಮಂಡಿಯೂರಲು ಹೋದ. ಅವಳು ತೋಳು ಹಿಡಿದು ತಡೆದಳು.

"ಬೇಡ. ನನ್ನ ಅಂಗಳದಲ್ಲಿ ಕೂತಿದ್ದು ಸಾಕು. ನಿನ್ನನ್ನ ನಾನಿನ್ನೂ ಕ್ಷಮಿಸಿಲ್ಲ. ಕೋರ್ಟಲ್ಲಿ ನಿಂತು ಇದೇ ಮಾತು ಹೇಳು, ಆಮೇಲೆ ಬಾ."

"ಹೇಳ್ತೀನಮ್ಮ. ಕೆಲ್ಸ ಹೋದ್ರೂ ಹೇಳ್ತೀನಿ."

"ಕೆಲ್ಸ ಯಾಕೆ ಹೋಗತ್ತೆ? ಹೋಗಬೇಕಾದ್ದು ಯಾರ್ದು ಅಂತ ಕೇಳೋಕೇ ತಾನೇ ನಾನು ಹೋಗ್ತಿರೋದು." ಚಾಪೆಯನ್ನು ಅವಳೇ ಹೆಕ್ಕಿ, ಮಣ್ಣು ಕೊಡವಿ, ಮಡಿಸಿ ನನ್ನ ಕೈಗೆ ಕೊಟ್ಟಳು. "ಇದನ್ನ ಅವನ ಹೆಂಡತಿಗೆ ಕೊಡು. ಪಾಪ, ಅವಳ ತವರಿನದು. ಹರಿದಿಲ್ಲ ಅಂತ ಹೇಳು."

ಗಾಡಿಯಿಲ್ಲದೆ ನಾವು ನಡೆದೇ ಠಾಣೆಗೆ ಹೋದೆವು. ಅಸೊಮುವಾ ಬಾಗಿಲಲ್ಲೇ ನಿಂತಿದ್ದ.

"ನಾಳೆಯಿಂದ ನೀವಿಬ್ರೂ ಬರೋದು ಬೇಡ" ಎಂದ.

"ಅಪಿಯಾದಿಂದ ಆದೇಶ ಬರಲಿ ಸಾರ್. ಅಲ್ಲೀತನಕ ಬರ್ತೀವಿ" ಎಂದೆ. "ದಾರಿ ಬಿಡಿ. ಶಾಲೆ ಬಿಡೋ ಹೊತ್ತಾಯ್ತು, ರಸ್ತೆ ದಾಟಿಸೋಕೆ ಯಾರೂ ಇಲ್ಲ. ನಮ್ಮ ಟೋಪಿ ಒಳಗಿದೆ."

ಅವನು ಕದಲಲಿಲ್ಲ. ನಾವೂ ಕದಲಲಿಲ್ಲ. ನಮ್ಮ ಹಿಂದೆ ಬಸ್ಸು ಬಂದು ನಿಂತಿತು, ಅದರ ಹಿಂದೆ ಅಂಗಳದಲ್ಲಿದ್ದ ಜನ. ಯಾರೂ ಕಲ್ಲು ಎತ್ತಲಿಲ್ಲ, ಕೂಗಲಿಲ್ಲ, ನಿಂತು ನೋಡಿದರು ಅಷ್ಟೇ. ಕೊನೆಗೆ ಅಸೊಮುವಾ ಪಕ್ಕಕ್ಕೆ ಸರಿದ. ಫಲಾನಿಕೊ ಮೊದಲು ಒಳಗೆ ಹೋದ.